ಚಕ್ರ ನೇರ ಮಾಡುವ ದಾರಕ್ಕೆ ಗಾಳಿಪಟ ಎಲ್ಲಿದೆ?

ಮಾನ್ಯ ಠಾಣಾಧಿಕಾರಿಗಳೇ,

ನನ್ನ ಹೆಂಡತಿ ಪಾರ್ವತಿ ಮನೆಯಿಂದ ಹೊರಗೆ ಬರಲಾಗದೆ ಕೂತಿದ್ದಾಳೆ. ಹಾಗೆ ಕೂರಿಸಿದವರು ನೀವು. ಅವಳ ಮೇಲೆ ಯಾವ ದೂರೂ ಇಲ್ಲ, ದೂರು ಇರುವುದು ನನ್ನ ಮೇಲೆ. ನಿಷೇಧಿತ ನೈಲಾನಿನ ಗಾಳಿಪಟದ ದಾರವನ್ನು ನಾನು ಮನೆಯಲ್ಲೇ ತಯಾರಿಸುತ್ತಿದ್ದೆನಂತೆ. ನಿಜಕ್ಕೂ ಮಾಡುತ್ತಿದ್ದದ್ದು ನನ್ನ ಕಾರಿನ ಚಕ್ರಗಳನ್ನು ನೇರ ಮಾಡುವ ಕೆಲಸ. ಇದನ್ನು ನಿಮ್ಮ ಠಾಣೆಗೆ ಬಂದು ಹಿಂದಿಯಲ್ಲಿ ಹೇಳಿದೆ. ಮಗಳು ಅಕ್ಷತಾಳಿಂದ ಗುಜರಾತಿಯಲ್ಲಿ ಬರೆಸಿಯೂ ಕೊಟ್ಟೆ. ಯಾರೂ ಕಣ್ಣು ಹಾಯಿಸಲಿಲ್ಲ. ಹಾಗಾಗಿ ಈಗ ನಮ್ಮ ಕನ್ನಡ ಸಂಘದ ಪತ್ರಿಕೆಯಲ್ಲಿ ಕನ್ನಡದಲ್ಲೇ ಬರೆಯುತ್ತಿದ್ದೇನೆ. ಓದದೇ ಇರುವುದಕ್ಕೆ ಯಾವ ಭಾಷೆಯಾದರೂ ನಡೆಯುತ್ತದೆ, ನನಗಾದರೂ ಬರೆಯಲು ಸುಲಭ.

ನಾವು ಉಡುಪಿ ಕಡೆಯವರು. ಇಲ್ಲಿ ವಡೋದರಾದ ಮಂಜಲ್‌ಪುರದಲ್ಲಿ ಇಡ್ಲಿ ದೋಸೆಯ ಸಣ್ಣ ಹೋಟೆಲು ನಡೆಸುತ್ತೇವೆ, ಮನೆ ಊರಿನ ಇನ್ನೊಂದು ದಿಕ್ಕಿಗಿದೆ. ಹೋಟೆಲಿನ ಅಡುಗೆಮನೆ ನನ್ನದು, ಗಲ್ಲಾ ಮೊದಲಿನಿಂದಲೂ ಪಾರ್ವತಿಯದು. ಮಕರಪುರದ ಕಾರ್ಖಾನೆಗಳಿಂದ ಬರುವ ಗಿರಾಕಿಗಳಲ್ಲಿ ಯಾರ ಮಗಳಿಗೆ ಮದುವೆ ಗೊತ್ತಾಯಿತು, ಯಾರಿಗೆ ಸಕ್ಕರೆ ಕಾಯಿಲೆ ಎಂಬುದೆಲ್ಲ ಅವಳಿಗೆ ಬಾಯಿಪಾಠ. ಬೆನ್ನುಹುರಿಯ ಕಾಯಿಲೆಯಿಂದ ಅವಳ ಕಾಲಿನ ಶಕ್ತಿ ಹೋದಾಗ ಎಲ್ಲರೂ ಅವಳಿಗೆ ವಿಶ್ರಾಂತಿ ತೆಗೆದುಕೊಳ್ಳಲು ಹೇಳಿದರು. ಅವಳು ಕೇಳಿದ್ದು ಒಂದೇ: "ನಾನು ಗಲ್ಲಾಕ್ಕೆ ಹೋಗುದು ಹೇಗೆ, ಅದನ್ನು ಹೇಳಿ."

ಅದಕ್ಕಾಗಿ ಕಾರನ್ನು ತಗ್ಗಿಸಿದೆ. ಸಾಮಾನ್ಯ ಕಾರಿನ ಸೀಟು ಅವಳ ಗಾಲಿಕುರ್ಚಿಗಿಂತ ಎತ್ತರ, ಯಾರಾದರೂ ಎತ್ತಿ ಕೂರಿಸಲೇಬೇಕು. ಸೂರತ್‌ನ ಒಂದು ಗ್ಯಾರೇಜಿನಲ್ಲಿ ಸ್ಪ್ರಿಂಗ್ ಬದಲಿಸಿ ಕಾರನ್ನು ನೆಲಕ್ಕೆ ಹತ್ತಿರ ತಂದೆವು, ಸಾರಿಗೆ ಇಲಾಖೆಯ ಒಪ್ಪಿಗೆಯನ್ನೂ ಪಡೆದೆವು. ಈಗ ಕುರ್ಚಿಯಿಂದ ಸೀಟಿಗೆ ಒಂದು ನುಣುಪಾದ ಮಣೆ ಇಟ್ಟರೆ ಸಾಕು, ಅವಳು ತಾನೇ ಜಾರಿಕೊಂಡು ಹೋಗಿ ಕೂರುತ್ತಾಳೆ. ಸಿಗ್ನಲ್ಲಿನಲ್ಲಿ ಹುಡುಗರು ಬೈಕು ನಿಲ್ಲಿಸಿ, "ಕಾಕಾ, ಗಾಡಿ ಮಸ್ತ್ ನೀಚೆ ಕೀ ಹೈ!" ಎಂದು ಹೆಬ್ಬೆರಳು ತೋರಿಸುತ್ತಾರೆ. ಈ ವಯಸ್ಸಿನಲ್ಲಿ ನಾನು ಶೋಕಿಗಾಗಿ ಕಾರು ತಗ್ಗಿಸಿದೆನೆಂದು ಅವರ ಎಣಿಕೆ. ಪಾರ್ವತಿಗೆ ಆಗ ಎಲ್ಲಿಲ್ಲದ ನಗು ಬರುತ್ತದೆ.

ಆದರೆ ತಗ್ಗಿಸಿದ ಕಾರಿಗೆ ಒಂದು ರೋಗವಿದೆ. ಮುಂದಿನ ಚಕ್ರಗಳು ನೇರ ನೋಡುವುದನ್ನು ಬಿಟ್ಟು ಅತ್ತಿತ್ತ ಮುಖ ತಿರುಗಿಸುತ್ತವೆ. ಟೈರಿನ ಒಳಅಂಚು ಸವೆದು ತಂತಿ ಕಾಣಿಸುತ್ತದೆ, ಓಡುವಾಗ ಕಾರು ಒಂದು ಪಕ್ಕಕ್ಕೆ ಎಳೆಯುತ್ತದೆ. ಅಲೈನ್‌ಮೆಂಟ್ ಮಾಡುವ ಅಂಗಡಿಗಳಿಗೆ ಹೋದರೆ ಕಾರಿನ ಹೊಟ್ಟೆ ಅವರ ಮೆಷಿನ್ನಿನ ಅಂಚಿಗೆ ತಾಗಿ ಮೇಲೆ ಹತ್ತುವುದೇ ಇಲ್ಲ. "ಪೆಹಲೇ ಗಾಡಿ ಉಂಚೀ ಕರವಾಓ" ಎಂದು, ಕಾರನ್ನು ಮೊದಲಿನ ಎತ್ತರಕ್ಕೆ ತರಲು ಹೇಳಿ ಕಳಿಸಿದರು. ಎತ್ತರ ಮಾಡಿದರೆ ಪಾರ್ವತಿ ಹತ್ತುವುದು ಹೇಗೆ? ಹಾಗಾಗಿ ಆ ಕೆಲಸವನ್ನು ಮನೆಯಲ್ಲೇ ಮಾಡಿಕೊಳ್ಳಲು ಕಲಿತೆ.

ವಿಧಾನ ಬಹಳ ಸರಳ, ನಿಮ್ಮ ಪೇದೆಗಳಿಗೂ ಅರ್ಥವಾಗುವಂಥದ್ದು. ಕಾರಿನ ಎರಡೂ ಪಕ್ಕದಲ್ಲಿ, ಚಕ್ರದ ನಡುವಿನ ಎತ್ತರಕ್ಕೆ, ಮುಂದಿನಿಂದ ಹಿಂದಕ್ಕೆ ಒಂದೊಂದು ದಾರವನ್ನು ಬಿಗಿಯಾಗಿ ಕಟ್ಟಬೇಕು. ಹೋಟೆಲಿನ ಸ್ಟೀಲ್ ಸ್ಟೂಲುಗಳು ಇದಕ್ಕೆ ಚೆನ್ನಾಗಿ ಒದಗುತ್ತವೆ. ರಿಮ್ಮಿನ ಮುಂದಿನ ಅಂಚಿನಿಂದ ದಾರಕ್ಕೆ ಎಷ್ಟು ದೂರ, ಹಿಂದಿನ ಅಂಚಿನಿಂದ ಎಷ್ಟು ದೂರ ಎಂದು ಅಳೆಯಬೇಕು. ಎರಡೂ ಒಂದೇ ಬಂದರೆ ಚಕ್ರ ನೇರ ಇದೆ. ಬರದಿದ್ದರೆ ಕೆಳಗೆ ಟೈ ರಾಡ್ ಎಂಬ ಸರಳಿನ ನಟ್ಟು ಸಡಿಲಿಸಿ, ಸ್ವಲ್ಪ ತಿರುಗಿಸಿ, ಮತ್ತೆ ಅಳೆಯಬೇಕು. ಜನವರಿಯ ಗಾಳಿಗೆ ಹತ್ತಿಯ ದಾರ ಅಲುಗಾಡಿ ಅಳತೆ ನಿಲ್ಲಲಿಲ್ಲ. ನನ್ನ ಭಾವಮೈದುನ ಗಣೇಶ್ ಊರಿನಿಂದ ತಂದಿಟ್ಟ ಮೀನಿನ ಗಾಳದ ನೈಲಾನ್ ದಾರ ಮನೆಯಲ್ಲಿತ್ತು. ಅದನ್ನು ಕಟ್ಟಿದೆ. ಅದು ನೀರಿನ ಬಣ್ಣದ್ದು, ನನ್ನ ಕಣ್ಣಿಗೆ ಕಾಣಿಸಲಿಲ್ಲ. ಹೋಟೆಲಿನವನ ಬುದ್ಧಿ ನೋಡಿ, ಮೈದಾ ಕುದಿಸಿ ಅಂಟು ಮಾಡಿ, ಅದಕ್ಕೆ ಕುಂಕುಮ ಕಲಸಿ, ಬಟ್ಟೆಯ ಚೂರಿನಲ್ಲಿ ದಾರದ ಉದ್ದಕ್ಕೂ ಬಳಿದೆ. ಪಾರ್ವತಿ ಕಿಟಕಿಯಿಂದ ನೋಡಿ, "ಎಂತ ಮಾರಾಯ್ರೆ, ಕಾರಿಗೆ ಮದುವೆ ಮಾಡ್ತಿದ್ದೀರಾ?" ಎಂದು ಕೇಳಿದಳು.

ಗಾಳಿಪಟ ಹಾರಿಸುವ ಉತ್ತರಾಯಣದ ಹಬ್ಬ, ಅಂದರೆ ನಮ್ಮ ಸಂಕ್ರಾಂತಿ, ಎದುರಿಗಿರುವಾಗ ವಡೋದರಾದಲ್ಲಿ ಒಬ್ಬ ಮನುಷ್ಯ ನೈಲಾನ್ ದಾರ ಎಳೆದು ಕಟ್ಟಿ ಅದಕ್ಕೆ ಕೆಂಪು ಅಂಟು ಬಳಿಯುತ್ತಿದ್ದರೆ ನೋಡಿದವರು ಏನೆಂದುಕೊಂಡಾರು? ಬೀದಿ ಬೀದಿಯಲ್ಲಿ ಗಾಳಿಪಟದ ದಾರಕ್ಕೆ ಗಾಜಿನ ಪುಡಿ ಕಲಸಿದ ಬಣ್ಣದ ಅಂಟು ಬಳಿಯುವುದು ಹೀಗೆಯೇ. ಇಷ್ಟು ವರ್ಷ ಇಲ್ಲಿದ್ದೂ ಇದು ನನಗೆ ಹೊಳೆಯಲಿಲ್ಲ, ಯಾಕೆಂದರೆ ನನ್ನ ತಲೆಯಲ್ಲಿ ಇದ್ದದ್ದು ಚಕ್ರ ಮಾತ್ರ. ಯಾರೋ ಮಹಡಿಯಿಂದ ಫೋಟೋ ತೆಗೆದು ನಿಮಗೆ ಕಳಿಸಿದರು. ಕಳಿಸಿದವರ ಮೇಲೆ ನನಗೆ ಸಿಟ್ಟಿಲ್ಲ. ನಮ್ಮ ಸಪ್ಲೈಯರ್ ಪಾಂಡುರಂಗ ಸ್ಕೂಟರಿನಲ್ಲಿ ಬರುವಾಗ ಇಂಥದ್ದೇ ದಾರ ಅವನ ಕುತ್ತಿಗೆ ಕೊಯ್ದಿತ್ತು, ಆಸ್ಪತ್ರೆಗೆ ಹೊತ್ತೊಯ್ದವನು ನಾನೇ. ಆ ದಾರ ಮಾರುವವರನ್ನು ನೀವು ಹಿಡಿಯಲೇಬೇಕು, ಅವರನ್ನು ಸುಮ್ಮನೆ ಬಿಟ್ಟರೆ ನಾನೇ ಇನ್ನೊಂದು ಪತ್ರ ಬರೆದೇನು.

ಆದರೆ ಹಿಡಿದ ಮೇಲೆ ಒಮ್ಮೆ ನೋಡಬಾರದೇ? ನಿಮ್ಮ ಪೇದೆ ದಾರವನ್ನು, ಅಂಟಿನ ಪಾತ್ರೆಯನ್ನು, ಸ್ಟೂಲುಗಳನ್ನು ಜೀಪಿಗೆ ಹಾಕಿಕೊಂಡರು. "ಪತಂಗ್ ಕಹಾಂ ಛುಪಾಯಾ?" ಎಂದು, ಗಾಳಿಪಟ ಬಚ್ಚಿಟ್ಟ ಜಾಗ ಕೇಳಿದರು. ಇಲ್ಲ ಎಂದೆ. ಗಾಳಿಪಟವಿಲ್ಲದ ದಾರ ಎಂದರೆ ಮಾರಾಟಕ್ಕೇ ಇಟ್ಟದ್ದು ಎಂದು ಬರೆದುಕೊಂಡರು. ದಾರ ಇದ್ದದ್ದು ಕಾರಿನ ಪಕ್ಕದಲ್ಲಿ, ಹಾಗಾಗಿ ಕಾರೂ ಸಾಕ್ಷ್ಯವಾಯಿತು. ಇದೇ ತರ್ಕ ಮುಂದುವರಿಸಿದರೆ ನಾನು ಹಾರಿಸಲು ಹೊರಟದ್ದು ಕಾರನ್ನೇ ಇರಬೇಕು. ಬಾಗಿಲಿಗೆ ಕಾಗದ ಅಂಟಿಸಿ ಸೀಲು ಹಾಕಿ, ಪಂಚನಾಮೆ ಆಗುವ ತನಕ ಒಂದಿಂಚೂ ಅಲುಗಾಡಿಸಬಾರದು ಎಂದು ಅಪ್ಪಣೆ ಮಾಡಿ ಹೋದರು. ಟೈ ರಾಡಿನ ನಟ್ಟುಗಳು ಸಡಿಲವಾಗಿಯೇ ಉಳಿದವು. ಒಂದು ಚಕ್ರ ಮಂಜಲ್‌ಪುರದ ಕಡೆ, ಇನ್ನೊಂದು ರೈಲ್ವೆ ಸ್ಟೇಷನ್ನಿನ ಕಡೆ ನೋಡುತ್ತ ನಿಂತಿವೆ.

ಆ ಕಾರು ನಿಂತಿರುವ ಜಾಗವನ್ನಾದರೂ ನೀವು ಬಂದು ನೋಡಬೇಕಿತ್ತು. ಅಳತೆಗೆ ಸಮತಟ್ಟಾದ ನೆಲ ಬೇಕು. ನಾವಿರುವ ವಸತಿ ಸೊಸೈಟಿಯಲ್ಲಿ ಅಂಥ ನೆಲ ಇರುವುದು ನಮ್ಮ ಬಾಗಿಲಿನ ರ‍್ಯಾಂಪಿನ ಬುಡದಲ್ಲಿ ಮಾತ್ರ. ಪಾರ್ವತಿಯ ಗಾಲಿಕುರ್ಚಿಗೆಂದು ಮಾಡಿಸಿದ ರ‍್ಯಾಂಪ್ ಅದು. ಒಂದು ಮಧ್ಯಾಹ್ನದ ಕೆಲಸ ಎಂದುಕೊಂಡು ಕಾರನ್ನು ಅಲ್ಲಿ ಅಡ್ಡ ನಿಲ್ಲಿಸಿದ್ದೆ. ಈಗ ಅವಳ ಕುರ್ಚಿ ಇಳಿದು ಬರುವ ಏಕೈಕ ದಾರಿ ನಿಮ್ಮ ಸಾಕ್ಷ್ಯದ ಬಾನೆಟ್ಟಿಗೆ ಬಂದು ನಿಲ್ಲುತ್ತದೆ. ಠಾಣೆಗೆ ಬಂದಾಗಲೆಲ್ಲ ಒಂದೊಂದು ಉತ್ತರ ಸಿಕ್ಕಿತು. ಮೊದಲು ಹಬ್ಬದ ಬಂದೋಬಸ್ತು, ಆಮೇಲೆ ಹಬ್ಬದ ಮರುದಿನದ ವಾಸಿ ಉತ್ತರಾಯಣ, ಆಮೇಲೆ ಪಂಚನಾಮೆ ಮಾಡುವವರು ರಜೆಯಲ್ಲಿದ್ದಾರೆ, ಆಮೇಲೆ ದಾರ ಪರೀಕ್ಷೆಗೆ ಹೋಗಿದೆ. ಹಬ್ಬದ ಗಾಳಿಪಟಗಳು ಮರದಲ್ಲಿ ಸಿಕ್ಕಿ ಬಣ್ಣ ಬಿಟ್ಟಿವೆ, ನಿಮ್ಮ ಪರೀಕ್ಷೆ ಮುಗಿದಿಲ್ಲ.

ಹಬ್ಬದ ದಿನ ಸೊಸೈಟಿಯೆಲ್ಲ ಟೆರೇಸಿನ ಮೇಲೆ ಕೂಗಾಡುತ್ತಿದ್ದಾಗ ಅಕ್ಕಪಕ್ಕದ ಗಂಡಸರು ಕೆಳಗೆ ಬಂದು, ಭಾಭಿಯನ್ನು ಕುರ್ಚಿ ಸಮೇತ ಎತ್ತಿ ಕಾರಿನ ಆಚೆ ಇಳಿಸುತ್ತೇವೆ ಎಂದರು. ಒಳ್ಳೆಯ ಮನಸ್ಸಿನಿಂದಲೇ ಹೇಳಿದ್ದು, ಪಾರ್ವತಿಯೂ ಒಪ್ಪಿದಳು. ಎತ್ತುವಾಗ ಕುರ್ಚಿ ವಾಲಿತು, ಸೀರೆ ಮೊಣಕಾಲಿನ ಮೇಲಕ್ಕೆ ಸರಿಯಿತು, ಅವಳು ಎರಡೂ ಕೈಯಲ್ಲಿ ಅದನ್ನು ಎಳೆದುಕೊಳ್ಳುತ್ತ "ಇಳಿಸಿ, ಇಳಿಸಿ" ಎಂದು ಕನ್ನಡದಲ್ಲೇ ಕೂಗಿದಳು. ಒಳಗೆ ಬಂದ ಮೇಲೆ ಬಹಳ ಹೊತ್ತು ಅತ್ತಳು. "ಇನ್ನು ನನ್ನನ್ನು ಯಾರೂ ಮೂಟೆಯ ಹಾಗೆ ಎತ್ತುದು ಬೇಡ" ಎಂದಳು. ನನಗೆ ಆ ಹೊತ್ತು ನಿಮ್ಮ ಮೇಲೆ ಬಂದ ಸಿಟ್ಟನ್ನು ಈ ಪತ್ರಿಕೆಯಲ್ಲಿ ಅಚ್ಚು ಹಾಕಲು ಸಂಪಾದಕರು ಒಪ್ಪುವುದಿಲ್ಲ.

ಅಕ್ಷತಾ ಕಾಲೇಜು ಬಿಟ್ಟು ಗಲ್ಲಾದಲ್ಲಿ ಕೂರುತ್ತಿದ್ದಾಳೆ. ಬಂದ ಗಿರಾಕಿಗಳೆಲ್ಲ "ಆಂಟಿ ಕ್ಯಾಂ ಗಯಾ?" ಎಂದು ಪಾರ್ವತಿಯನ್ನೇ ವಿಚಾರಿಸುತ್ತಾರೆ. "ಅಪ್ಪಾ, ಎಲ್ಲರಿಗೂ ಎಕ್ಸ್‌ಪ್ಲೇನ್ ಮಾಡಿ ಮಾಡಿ ಸುಸ್ತಾಯ್ತು, ಯಾರೂ ಬಿಲೀವ್ ಮಾಡಲ್ಲ" ಎನ್ನುತ್ತಾಳೆ ಮಗಳು. ನಂಬುವುದು ಕಷ್ಟವೇ, ನನಗೂ ಬೆಳಿಗ್ಗೆ ಎದ್ದಾಗ ಒಮ್ಮೆ ಹಾಗೇ ಅನಿಸುತ್ತದೆ.

ಮೊನ್ನೆ ಸಂಜೆ ಪಾರ್ವತಿ ತಾನೇ ಕುರ್ಚಿ ನೂಕಿಕೊಂಡು ರ‍್ಯಾಂಪ್ ಇಳಿದಳು. ಬಾನೆಟ್ಟಿಗೆ ಮೊಣಕಾಲು ತಾಗುವಲ್ಲಿ ನಿಂತು, ಗೇಟಿನ ಕಡೆ ನೋಡುತ್ತ ನನ್ನನ್ನು ಕೇಳಿದಳು: "ಕೇಸು ನಿಮ್ಮ ಮೇಲೆ ಅಲ್ವಾ? ನೀವು ಹೋಟೆಲಿಗೆ ಹೋಗ್ತೀರಿ, ಸ್ಟೇಷನ್ನಿಗೆ ಹೋಗ್ತೀರಿ, ಸಂಘಕ್ಕೂ ಹೋಗ್ತೀರಿ. ಮತ್ತೆ ಒಳಗೆ ಹಾಕಿದ್ದು ನನ್ನನ್ನು ಎಂತಕ್ಕೆ?"

ಆ ಪ್ರಶ್ನೆ ನಿಮಗೆ ಸೇರಿದ್ದು. ಆದ್ದರಿಂದ ನಿಮ್ಮಲ್ಲಿ ನನ್ನ ಬೇಡಿಕೆ ಇದು. ಕಾರನ್ನು ಬಿಟ್ಟುಕೊಡಲು ಆಗುವುದಿಲ್ಲ ಎಂದಾದರೆ ನನ್ನನ್ನು ಬಂಧಿಸಿ. ದಾರ ನಾನೇ ತಯಾರಿಸಿದೆ ಎಂದು ಬರೆದು ಸಹಿ ಹಾಕುತ್ತೇನೆ. ಅಂಟು ಒಪ್ಪಿಕೊಳ್ಳುತ್ತೇನೆ, ಕುಂಕುಮ ಒಪ್ಪಿಕೊಳ್ಳುತ್ತೇನೆ, ನಿಮ್ಮ ಕಡತಕ್ಕೆ ಬೇಕಿದ್ದರೆ ಗಾಜಿನ ಪುಡಿಯನ್ನೂ ಒಪ್ಪಿಕೊಳ್ಳುತ್ತೇನೆ. ಪಂಚನಾಮೆ ಮುಗಿಸಿ ಕಾರನ್ನು ನಿಮ್ಮ ಠಾಣೆಗೆ ಎಳೆದುಕೊಂಡು ಹೋಗಿ. ಕಾರಿಲ್ಲದೆ ಅವಳು ಹೋಟೆಲಿಗೆ ಹೋಗಲಾರಳು, ಅದು ನನಗೆ ಗೊತ್ತು. ಆದರೆ ರ‍್ಯಾಂಪಿನ ಬುಡ ತೆರವಾದರೆ ಸೊಸೈಟಿಯ ಗೇಟಿನ ತನಕವಾದರೂ ಯಾರ ಕೈಯನ್ನೂ ಕಾಯದೆ ಹೋಗಿ ಬರುತ್ತಾಳೆ. ನನ್ನ ಮೇಲೆ ಬೀಗ ಹಾಕಿಕೊಳ್ಳಿ, ಅವಳ ಮೇಲಿನದನ್ನು ತೆಗೆಯಿರಿ.

ಇಂತಿ,
ತಪ್ಪು ಮಾಡದಿದ್ದರೂ ತಪ್ಪೊಪ್ಪಿಕೊಳ್ಳಲು ಅವಸರದಲ್ಲಿರುವ ನಿಮ್ಮ ಆರೋಪಿ,
ಹೋಟೆಲಿನ ಜನಾರ್ದನ
ವಡೋದರಾ