ಪೆನ್ಸಿಲಿನ ಇಂಟು ಗುರುತು

ಅಪ್ಪಾ,

ನೀನು ಓದುವುದಿಲ್ಲವೆಂದು ಗೊತ್ತು. ಕೈ ಸುಮ್ಮನಿರುತ್ತಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ನೀನು ಅಟ್ಟದಲ್ಲಿ ಬಟ್ಟೆ ಸುತ್ತಿಟ್ಟಿದ್ದ ಅಕ್ರೋಟು ಹಲಗೆಯ ಎರಡನೇ ತುಂಡಿಗೆ ಇವತ್ತು ಉಳಿ ಹಾಕಿದೆ, ಬಂದೂಕಿನ ಹಿಡಿ ಮಾಡಲೆಂದು. ತಟ್ಟಿ ನೋಡಿದಾಗ ಗಟ್ಟಿ ಮರದ ಸದ್ದೇ ಬಂದಿತ್ತು. ಬೆರಳು ಸುತ್ತಿ ಹಿಡಿಯುವ ಸಣ್ಣ ಭಾಗಕ್ಕೆ ಬರುತ್ತಲೇ ಉಳಿ ಬೆಣ್ಣೆಗೆ ಇಳಿದ ಹಾಗೆ ಇಳಿಯಿತು. ಮೇಲೆ ಕನ್ನಡಿಯಂಥ ಮರ. ಒಳಗೆ ಕಪ್ಪು ಟೊಳ್ಳು, ಅಲ್ಲಿಂದ ಉದ್ದಕ್ಕೂ ಕೂದಲೆಳೆಯಂಥ ಬಿರುಕು. ಗುಂಡು ಹಾರಿದ ಒದೆತಕ್ಕೇ ಸೀಳಿಹೋಗುವ ಮರ.

ಎರಡೂ ತುಂಡುಗಳ ಮೇಲೆ ನಿನ್ನ ಪೆನ್ಸಿಲಿನ ಇಂಟು ಗುರುತಿತ್ತು. ಯಾವ ಮೈ ಮೇಲಕ್ಕೆ ಬರಬೇಕೆಂಬ ಗುರುತು ಅಂದುಕೊಂಡು ನಾನು ಎರಡರಲ್ಲೂ ಮೊದಲು ಅದನ್ನೇ ಹೆರೆದುಹಾಕಿದೆ. ಕೊನೆಯ ದಿನಗಳಲ್ಲಿ, ಮಾತು ನಿಂತ ಮೇಲೆ, ನೀನು ನನ್ನ ಮುಖ ನೋಡುತ್ತಾ ಹೊದಿಕೆಯ ಮೇಲೆ ಬೆರಳಿನಿಂದ ಅದನ್ನೇ ಗೀಚುತ್ತಿದ್ದೆ. "ಸೆಕೆ ಆಗ್ತಿದ್ಯಾ ಅಪ್ಪ?" ಅಂತ ನಾನು ಹೊದಿಕೆ ತೆಗೆದಿದ್ದೆ.

ಮೊದಲನೇ ತುಂಡು ಅಣ್ಣನ ಬಂದೂಕಿನಲ್ಲಿದೆ. ನಾನೇ ಮಾಡಿಕೊಟ್ಟಿದ್ದು. ಹೊಲಕ್ಕೆ ನುಗ್ಗುವ ಹಂದಿಗಳ ಹಿಂದೆ ಬೆಳಿಗ್ಗೆಯೇ ಗುಡ್ಡ ಹತ್ತಿದ್ದಾನೆ. ಫೋನು ಸಿಗುತ್ತಿಲ್ಲ. ಅವನನ್ನು ತಡೆಯಲು ಪಕ್ಕದ ಅಂಗಡಿಯವನನ್ನು ಬೈಕಿನಲ್ಲಿ ಓಡಿಸಿದ್ದೇನೆ. ಅತ್ತಿಗೆಗೆ ಇನ್ನೂ ಹೇಳಿಲ್ಲ.

ಈಗಷ್ಟೇ ಗುಡ್ಡದ ಕಡೆಯಿಂದ ಒಂದು ಸದ್ದು ಬಂತು. ಅತ್ತಿಗೆ ಬಾಗಿಲಿಗೆ ಬಂದು ನಕ್ಕರು: "ಕೇಳಿಸ್ತಾ? ನಿಮ್ಮಣ್ಣ ಯಾವತ್ತಿದ್ರೂ ಎರಡು ಹೊಡೀತಾರೆ. ಮೊದಲನೇದು ಗಾಳಿಗೆ, ಎರಡನೇದು ಹಂದಿಗೆ."

ಅವರು ಇನ್ನೂ ಬಾಗಿಲಲ್ಲೇ ನಿಂತಿದ್ದಾರೆ. ಎರಡನೆಯದು ಕೇಳಿಸಿಲ್ಲ, ಅಪ್ಪಾ.