ಹಿಲ್ಡಾ ಅಂತ ಕರೆಯೋರು ಬೇಕು

ಅಪ್ಪಾ, ಸಾರಿ, ಮತ್ತೆ ಮೊದಲಿಂದ ಶುರು ಮಾಡ್ತೀನಿ. ಮೊದಲ ಸಲ ಪಕ್ಕದ ಮನೆಯವರು ಮೋಟರ್ ಹಾಕಿದರು, ಎರಡನೇ ಸಲದ ರೆಕಾರ್ಡಿಂಗ್ ನಾನೇ ಅಳಿಸಿಬಿಟ್ಟೆ. ಈಗ ವಿಜಯನಗರದ ನಮ್ಮ ತಾರಸಿ ಮೇಲೆ, ನೀನು ಬಟ್ಟೆ ಒಣಗಿಸೋಕೆ ನೆಟ್ಟ ಕಂಬಕ್ಕೆ ಒರಗಿಕೊಂಡು ಫೋನಿಗೆ ಮಾತಾಡ್ತಾ ಇದೀನಿ. ಕೆಳಗೆ ಮನೆ ತುಂಬ ನೆಂಟರು. ನಿನ್ನ ಮೊಮ್ಮಗಳು ಕಾವ್ಯಳ ಮಗುವಿಗೆ ಇವತ್ತು ನಾಮಕರಣ ಆಯ್ತು. ಹೆಸರು... ತಾಳು, ಅಲ್ಲಿಗೆ ಬರ್ತೀನಿ.

ಬಿನ್ನಿಪೇಟೆಯ ಆ ಚಿಕ್ಕ ಹೆರಿಗೆ ಆಸ್ಪತ್ರೆಯ ಕಥೆ ನೀನು ಎಷ್ಟು ಸಲ ಹೇಳಿದ್ದೀಯೋ! ಹುಟ್ಟಿದಾಗ ನಾನು ಅಳಲೇ ಇಲ್ಲವಂತೆ, ಮೈ ನೀಲಿಯಾಗಿತ್ತಂತೆ. ನರ್ಸ್ ಹಿಲ್ಡಾ ನನ್ನನ್ನು ತಲೆಕೆಳಗೆ ಹಿಡಿದು, ಬೆನ್ನು ತಟ್ಟಿ, ಬಾಯಿಗೆ ಬಾಯಿ ಇಟ್ಟು ಉಸಿರು ಊದಿ, ನಾನು ಕಿರುಚಿದ ಮೇಲೇ ಕೈಬಿಟ್ಟದ್ದು. ಎಲೆಯಡಿಕೆ ಹಿಡಿದು ನಾಮಕರಣಕ್ಕೆ ಕರೆಯಲು ಹೋದ ನಿನಗೆ ಆಕೆ ಏನಂದರು? "ನನ್ನನ್ನ ಹೆಸರು ಹಿಡಿದು ಕರೆದು ಎಷ್ಟು ವರ್ಷ ಆಯ್ತು ಗೊತ್ತಾ? ನನ್ನವರು ಅಂತ ಯಾರೂ ಇಲ್ಲ. ಎಲ್ಲರಿಗೂ ನಾನು ಬರೀ ಸಿಸ್ಟರ್." ಆ ಮಾತು ನಿನ್ನೊಳಗೆ ಕೂತುಬಿಟ್ಟಿತು ಅಲ್ವಾ?

ಆಕೆ ತೀರಿಕೊಂಡ ವರ್ಷವೇ ರಾಜಾಜಿನಗರದ ಶೆಡ್ಡಿಗೆ ನೀನು ಬೋರ್ಡು ಬರೆಸಿದೆ, ಹಿಲ್ಡಾ ಇಂಜಿನಿಯರಿಂಗ್ ವರ್ಕ್ಸ್. ಲೇತ್ ಮಿಷನ್ನು ಹಿಲ್ಡಮ್ಮ ಆಯ್ತು. ಆಮೇಲೆ ನಿನ್ನ ಮೊಪೆಡ್ಡು, ಶೆಡ್ಡಿನ ಬಾಗಿಲಲ್ಲಿ ಮಲಗುತ್ತಿದ್ದ ಕಂದು ನಾಯಿ, ಕೊನೆಗೆ ಈ ತಾರಸಿಯ ಕರಿಬೇವಿನ ಗಿಡ ಕೂಡ. "ದಿನಾ ಒಬ್ಬರಾದ್ರೂ ಆ ಹೆಸರು ಕೂಗಬೇಕು ಕಣೋ ಮಂಜು," ಅಂತಿದ್ದೆ. ಹೊಸ ಗಿರಾಕಿಗಳು ಬೋರ್ಡು ನೋಡಿ, "ಜರ್ಮನ್ ಮಿಷನ್ನಾ ಸಾರ್?" ಅಂತ ಕೇಳಿದರೆ ಹೌದು ಅನ್ನದೆ, ಅಲ್ಲ ಅನ್ನದೆ, ಬರೀ ಮೀಸೆ ತಿರುವುತ್ತಿದ್ದೆಯಲ್ಲ, ಕಳ್ಳ!

ಅಮ್ಮ ಬಿಡ್ತಾ ಇದ್ರಾ? "ನಿಮ್ಮನ್ನ ಕಟ್ಟಿಕೊಂಡು ಇಷ್ಟು ವರ್ಷ ಆಯ್ತು, ನನ್ನ ಹೆಸರಲ್ಲಿ ಒಂದು ಸ್ಪ್ಯಾನರ್ ಆದ್ರೂ ಇದೆಯೇನ್ರೀ?" ನೀನು ನಗುತ್ತಿದ್ದೆ. ಆದರೆ ಗಮನಿಸಿದ್ದೆಯಾ, ಅಮ್ಮ ಒಂದು ಸಲವೂ ಆ ಹೆಸರು ಹೇಳಿದವರಲ್ಲ. ಆಕೆ ಯಾವತ್ತೂ "ಆ ನರ್ಸಮ್ಮ", ಲೇತು "ಆ ಮಿಷನ್ನು", ಗಿಡ ಬರೀ "ಕರಿಬೇವು".

ಆಯುಧಪೂಜೆಯ ದಿನವಂತೂ ಮರೆಯೋ ಹಾಗೇ ಇಲ್ಲ. ಲೇತಿಗೆ ಅರಿಶಿನ ಕುಂಕುಮ ಇಟ್ಟು, ಚೆಂಡುಹೂವಿನ ಹಾರ ಹಾಕಿ, ಸಂಕಲ್ಪಕ್ಕೆ ಮನೆಯವರ ಹೆಸರೆಲ್ಲ ಹೇಳಿದ ಮೇಲೆ ನೀನು ಹಿಲ್ಡಾ ಅಂದೆ. ಪುರೋಹಿತರು ಕಣ್ಣು ಬಿಟ್ಟರು.

"ಯಾವ ಗೋತ್ರ ಸ್ವಾಮಿ?"

"ನಮ್ಮದೇ ಹಾಕಿ."

"ನಕ್ಷತ್ರ?"

"ಇವನು ಹುಟ್ಟಿದ ನಕ್ಷತ್ರ ಹಾಕಿ. ಅವತ್ತೇ ಅವರು ನಮ್ಮ ಮನೆಯವರಾದದ್ದು."

ಪುರೋಹಿತರು ಹಾಗೇ ಮಂತ್ರ ಹೇಳಿದರು. ಅವತ್ತು ನಿನ್ನ ಪಕ್ಕ ನಿಂತಿದ್ದ ನನ್ನ ಎದೆ ಎಷ್ಟು ಉಬ್ಬಿತ್ತು ಅಂದರೆ... ನಿನಗೆ ಹೇಳಲೇ ಇಲ್ಲ. ಈಗ ಹೇಳ್ತಾ ಇದೀನಿ.

ನೀನು ಹೋದ ಮೇಲೂ ಶೆಡ್ ನಡೆಸಿದೆ ಅಪ್ಪಾ. ಈ ವರ್ಷ ಜಾಗದವರು ಬಿಲ್ಡಿಂಗ್ ಎಬ್ಬಿಸ್ತೀವಿ ಅಂದರು. ಹಿಲ್ಡಮ್ಮನನ್ನು ಕೆಂಗೇರಿ ಕಡೆಯವರಿಗೆ ಕೊಟ್ಟೆ. ಮೊಪೆಡ್ಡು, ನಾಯಿ ಎರಡೂ ನಿನ್ನ ಕಾಲದಲ್ಲೇ ಹೋದವು. ಕರಿಬೇವು ಕಳೆದ ಬೇಸಿಗೆಯಲ್ಲಿ ಒಣಗಿತು. ಬೋರ್ಡು ಇಲ್ಲೇ ನೀರಿನ ಟ್ಯಾಂಕಿನ ಹಿಂದೆ ಇದೆ. ಒಂದು ದಿನ ಕಾಫಿ ಕುಡೀತಾ ಇದ್ದವನಿಗೆ ಹೊಳೆಯಿತು, ಆ ಹೆಸರನ್ನ ಯಾರೂ ಕೂಗದೆ ತಿಂಗಳುಗಳೇ ಆಗಿವೆ. ಮಗುವಿಗೆ ಇಡೋಣ ಅಂತ ಆಸೆ ಆಯ್ತು. ಆದರೆ ಬೀಗರ ಮನೆಯ ಮಗು, ನಾನು ಹೇಗೆ ಕೇಳಲಿ? ಕಾವ್ಯಳ ಹತ್ರ ಮಾತ್ರ ಹೇಳಿದ್ದೆ. ಅವಳು ಫೋನಿನಲ್ಲಿ ನೋಡಿ, "ಹಳೇ ಜರ್ಮನ್ ಹೆಸರಂತೆ ಅಪ್ಪಾ, ಯುದ್ಧ ಅಂತ ಅರ್ಥವಂತೆ. ನಮ್ಮತ್ತೆ ಒಪ್ಪಿದ ಹಾಗೇ!" ಅಂತ ನಕ್ಕಿದ್ದಳು.

ಇವತ್ತು ಬೆಳಗ್ಗೆ ಮಗುವಿನ ಸೋದರತ್ತೆ ಕಿವಿಯಲ್ಲಿ ಮನೆದೇವರ ಹೆಸರು ಹೇಳಿದಳು. ಆಮೇಲೆ ಅವರು ಆರಿಸಿದ ಅನನ್ಯ. "ಕರೆಯೋ ಹೆಸರು ಏನಾದ್ರೂ ಇದೆಯಾ?" ಅಂದರು ಪುರೋಹಿತರು. ನಾನು ಬಾಯಿ ತೆರೆದೆ, ಮುಚ್ಚಿದೆ. ಅಷ್ಟರಲ್ಲಿ ಮೂಲೆಯ ಕುರ್ಚಿಯಿಂದ ಅಮ್ಮ ಎದ್ದರು. ಮಂಡಿ ಹಿಡಿದುಕೊಂಡು ಬಂದು, ತೊಟ್ಟಿಲಿಗೆ ಬಗ್ಗಿ, ಮಗುವಿನ ಕಿವಿಗೆ ಮೂರು ಸಲ... ಅಪ್ಪಾ, ನಾವೆಲ್ಲ ಕೇಳಿಸಿಕೊಳ್ಳೋ ಹಾಗೆ ಹೇಳಿದರು.

ಬೀಗಿತ್ತಿ ಗಾಬರಿಯಾದರು. "ಅದ್ಯಾವ ದೇವರ ಹೆಸರು ಅಮ್ಮಾ?"

"ನನ್ನ ಮಗನಿಗೆ ಉಸಿರು ಕೊಟ್ಟ ದೇವರದು," ಅಂದರು ಅಮ್ಮ. "ಆವಮ್ಮ ಇಲ್ಲದಿದ್ರೆ ಇವನಿಲ್ಲ, ಕಾವ್ಯ ಇಲ್ಲ. ನೀವು ಯಾರ ತೊಟ್ಟಿಲು ತೂಗ್ತಿದ್ರಿ?"

ಬೀಗಿತ್ತಿ ತಾವೇ ತೊಟ್ಟಿಲಿಗೆ ಕೈ ಹಾಕಿ ತೂಗಿದರು. ಕಾವ್ಯ ಅಳ್ತಾ ನಗ್ತಾ ಇದ್ದಳು. ನಾನಾ? ನಾನು ಆಯುಧಪೂಜೆಯ ದಿನ ನಿಂತಿದ್ದ ಹಾಗೇ ನಿಂತಿದ್ದೆ, ಪಕ್ಕದಲ್ಲಿ ನೀನೊಬ್ಬ ಇರಲಿಲ್ಲ, ಅಷ್ಟೇ. ನಾಳೆ ಈ ಬೋರ್ಡು ಒರೆಸಿ, ಹೊಸದಾಗಿ ಬಣ್ಣ...

ಇರು, ಕೆಳಗಿಂದ ಅಮ್ಮ ಕೂಗ್ತಾ ಇದಾರೆ.

"ಲೋ ಮಂಜು! ಯಾರ ಹತ್ರಾನೋ ಅಷ್ಟೊತ್ತು ಮಾತು? ಹಿಲ್ಡಾ ಎದ್ದಿದಾಳೆ ಕಣೋ, ಬಾರೋ!"

ಕೇಳಿಸ್ತಾ ಅಪ್ಪಾ? ಇಡ್ತೀನಿ.