ಅಪ್ಪ ಅದಲುಬದಲು ಮಾಡಿದ್ದು

ಅಪ್ಪನ ಕೋಣೆ
ಮಂಗಳವಾರ, ಸಂಜೆ ಐದೂವರೆ

ಪ್ರೀತಿಯ ತಮ್ಮಾ,

ಹಲ್ಲುನೋವು ಹೇಗಿದೆ? ಕೀಳಿಸಿಕೊಂಡೆಯೋ, ಇನ್ನೂ ದವಡೆಗೆ ಕೈ ಕೊಟ್ಟುಕೊಂಡೇ ತಿರುಗುತ್ತಿದ್ದೀಯೋ? ನಾನು ಚೆನ್ನಾಗಿದ್ದೇನೆ. ಅಪ್ಪ ಹೋಗಿ ನಾಳಿದ್ದಿಗೆ ಎಪ್ಪತ್ತು ದಿನ. ಎರಡು ಲೋಟ ಟೀ ಮಾಡಿ ಒಂದನ್ನು ಚೆಲ್ಲುವುದು ಈಗ ಕಡಿಮೆಯಾಗಿದೆ.

ನಾವಿಬ್ಬರೂ ಫೋನಿನಲ್ಲಿ ಒಪ್ಪಿಕೊಂಡಂತೆ, ಅಪ್ಪನ ಎರಡು ಹಳೆಯ ರಿವಾಲ್ವರ್‌ಗಳಿಗೆ ಬೆಲೆ ಕಟ್ಟುವವರು ಇವತ್ತು ಹನ್ನೊಂದಕ್ಕೆ ಬಂದಿದ್ದರು. ಬೋಳುತಲೆಯ ಹಿರಿಯರು, ಮಾತಿನಲ್ಲಿ ಸ್ವಲ್ಪ ಖಾರ. ಚಪ್ಪಲಿ ಬಿಡುವ ಮೊದಲೇ, "ತಿಕ್ಕಿ ತೊಳೆದಿಲ್ಲ ತಾನೆ ತಾಯಿ? ಎಷ್ಟೋ ಮನೆಗಳಲ್ಲಿ ಪಾತ್ರೆ ಉಜ್ಜೋ ಹಾಗೆ ಉಜ್ಜಿ ಮುಕ್ಕಾಲು ಬೆಲೆ ಚರಂಡಿಗೆ ಬಿಟ್ಟಿರ್ತಾರೆ" ಅಂದರು. ಅಪ್ಪ ನಮ್ಮನ್ನು ಮುಟ್ಟಲೂ ಬಿಡುತ್ತಿರಲಿಲ್ಲ ಎಂದೆ. "ಪುಣ್ಯಾತ್ಮ" ಎಂದು ಕೈಗವಸು ಹಾಕಿಕೊಂಡು, ಅಪ್ಪ ಗಡಿಯಾರ ರಿಪೇರಿ ಮಾಡುತ್ತಿದ್ದ ಮೇಜಿನ ಮೇಲೆಯೇ ಎರಡನ್ನೂ ಬಿಚ್ಚಿ ಹರಡಿದರು. ನಳಿಗೆಗೆ ದೀಪ ಹಿಡಿದು ನೋಡಿದರು, ಮುದ್ರೆಗಳನ್ನು ಭೂತಗನ್ನಡಿಯಲ್ಲಿ ಓದಿದರು. ನಂತರ ಮುಖ ಸಣ್ಣದಾಯಿತು. ಒಂದೊಂದು ಭಾಗದ ಮೇಲೂ ಒಂದೇ ಸಂಖ್ಯೆ ಇರಬೇಕಂತೆ. ನಮ್ಮ ಎರಡರಲ್ಲೂ, ಆರು ಗುಂಡು ಕೂರುವ ಸಿಲಿಂಡರ್ ಮೇಲಿನ ಸಂಖ್ಯೆ ಮಾತ್ರ ಬೇರೆ. "ಇದು ಅಲ್ಲಿಂದಿಲ್ಲಿಂದ ಕೂಡಿಸಿದ ಮಾಲು. ನಿಮ್ಮ ತಂದೆಗೆ ಯಾರೋ ಟೋಪಿ ಹಾಕಿದ್ದಾರೆ, ಇಲ್ಲಾ ಅವರೇ..." ಎಂದು ನನ್ನ ಮುಖ ನೋಡಿ ನಿಲ್ಲಿಸಿದರು. ನಲವತ್ತು ವರ್ಷ ಯಾರ ಗಡಿಯಾರದಿಂದಲೂ ಒಂದು ತಿರುಪೂ ಕದಿಯದವರು ಅಪ್ಪ.

ಅವರು ಬರೆದಿಟ್ಟ ನಾಲ್ಕು ಸಂಖ್ಯೆಗಳನ್ನು ನಾನೇ ಮತ್ತೆ ಓದಿದೆ. ಇದರ ಸಿಲಿಂಡರ್ ಅದರಲ್ಲಿತ್ತು, ಅದರದು ಇದರಲ್ಲಿ. ತೋರಿಸಿದಾಗ ಹಿರಿಯರು ತಲೆ ಕೆರೆದುಕೊಂಡರು. ಅವು ಒಂದೊಂದು ಭಾಗವನ್ನೂ ಕೈಯಲ್ಲಿ ಅರ ಹಾಕಿ ಉಜ್ಜಿ ಕೂರಿಸುತ್ತಿದ್ದ ಕಾಲದವಂತೆ. ಒಂದರದು ಇನ್ನೊಂದಕ್ಕೆ ಕೂರುತ್ತದೆ, ಆದರೆ ತಿರುಗುವುದಿಲ್ಲ. "ಬೇಕಂತಲೇ ಕೆಲಸಕ್ಕೆ ಬಾರದ ಹಾಗೆ ಮಾಡಿದ್ದಾರೆ. ಕೈ ಪಳಗಿದವರೇ ಮಾಡಿರೋದು" ಅಂದರು. ಹಿಡಿಯ ಮರ ತೆಗೆದಾಗ ಒಳಗೆ ಸೂಜಿಯಿಂದ ಗೀರಿದ ಪುಟ್ಟ ತಾರೀಖು ಕಂಡಿತು. ರಿಪೇರಿ ಮಾಡಿದ ಗಡಿಯಾರಗಳ ಮುಚ್ಚಳದ ಒಳಗೆ ಅಪ್ಪ ಗೀರುತ್ತಿದ್ದದ್ದು ನಿನಗೂ ಗೊತ್ತಲ್ಲ, ಅದೇ ಕೈ, ಸೊಂಟಕ್ಕೆ ಗೆರೆ ಎಳೆದ ಅದೇ ಏಳರ ಅಂಕಿ.

ಆ ತಾರೀಖು ನಿನ್ನ ಗೆಳೆಯ ಬೈಕಿನಿಂದ ಬಿದ್ದು ಸತ್ತ ಒಂಬತ್ತನೇ ದಿನದ್ದು. ನೀನು ಬಾಗಿಲು ಹಾಕಿಕೊಂಡು ಮಲಗಿದ್ದ ದಿನಗಳು. ನಾನು ತಟ್ಟೆ ಇಟ್ಟು ಹೋಗುತ್ತಿದ್ದೆ, ಹಾಗೇ ವಾಪಸು ಬರುತ್ತಿತ್ತು. ಅಪ್ಪ ಮಾತ್ರ ಮೇಜು ಬಿಟ್ಟು ಏಳುತ್ತಿರಲಿಲ್ಲ. "ಅವರಿಗೆ ಗಡಿಯಾರ ನಿಂತರೆ ಗೊತ್ತಾಗ್ತಿತ್ತು, ಮಗ ನಿಂತಿದ್ದು ಗೊತ್ತಾಗ್ಲಿಲ್ಲ" ಎಂದು ಹೋದ ತಿಂಗಳೂ ನೀನು ಅಂದೆ. ನನಗೂ ಹಾಗೇ ಅನಿಸಿತ್ತು. ರಿವಾಲ್ವರ್‌ಗಳಿದ್ದ ಬೀರುವಿನ ಬೀಗದ ಕೈ ಎಲ್ಲಿರುತ್ತದೆಂದು ನಿನಗೆ ಗೊತ್ತಿತ್ತು. ಬೀಗ ಬದಲಿಸಿದ್ದರೆ ನಿನ್ನ ಮೇಲೆ ಕಣ್ಣಿಟ್ಟಿದ್ದಾರೆಂದು ತಿಳಿಯುತ್ತಿತ್ತು. ಅಪ್ಪ ಬೀಗ ಮುಟ್ಟಲಿಲ್ಲ. ಕೂತಲ್ಲೇ ತಮಗೆ ಬರುವ ಕೆಲಸ ಮಾಡಿದರು. ಒಂದು ಮಾತು ಆಡಬಹುದಿತ್ತು, ನಿಜ. ಅದು ಅವರಿಗೆ ಬರುತ್ತಿರಲಿಲ್ಲ.

ಹಿರಿಯರು ಎದ್ದು ಹೋಗಿ ಅಡುಗೆಮನೆಯಿಂದ ತಾವೇ ನನಗೆ ನೀರು ತಂದುಕೊಟ್ಟರು. ಆಮೇಲೆ ಎರಡೂ ಸಿಲಿಂಡರ್‌ಗಳನ್ನು ಅದರದರ ಜಾಗಕ್ಕೆ ಕೂರಿಸಿದರು, ಸರಾಗವಾಗಿ ತಿರುಗಿದವು. ಮಾಲು ಅಪ್ಪಟ, ಬೆಲೆಯೂ ಪೂರ್ತಿ ಬರುತ್ತದಂತೆ.

ಊಟ ತಪ್ಪಿಸಬೇಡ. ದೇವರು ನಿನ್ನನ್ನು ತಣ್ಣಗಿಟ್ಟಿರಲಿ.

ನಿನ್ನ
ಅಕ್ಕ

ಲಕೋಟೆ ಅಂಟಿಸುವ ಮೊದಲು: ಅದಲುಬದಲು ಏಕಾಯಿತೆಂದು ಮನೆಯವರು ಬರೆದು ಸಹಿ ಹಾಕಬೇಕು, ಅದು ಕೊಳ್ಳುವವರ ಕೈಗೂ ಹೋಗುತ್ತದೆ ಎಂದರು ಹಿರಿಯರು. ನಿನ್ನ ಸುದ್ದಿ ಅಪರಿಚಿತರಿಗೆ ಬೇಡವೆಂದು, 'ಮನೆಯಲ್ಲಿ ಮಗು ಇತ್ತು' ಎಂದಷ್ಟೇ ಬರೆದೆ. "ಎಷ್ಟು ವರ್ಷದ್ದು ತಾಯಿ?" ಅಂದರು. ಆಗ ಹತ್ತೊಂಬತ್ತು ಎಂದೆ. ಅವರು ತಲೆಯಾಡಿಸಿ ಕಾಗದವನ್ನು ನನ್ನ ಕಡೆಗೆ ಸರಿಸಿದರು. ನಿನಗೆ ಮಾರುವ ಮನಸ್ಸಿಲ್ಲದಿದ್ದರೆ ಫೋನ್ ಮಾಡು. ಕಾಗದಕ್ಕೆ ಇನ್ನೂ ಸಹಿ ಹಾಕಿಲ್ಲ, ಶುಕ್ರವಾರದವರೆಗೆ ಕಾಯುತ್ತಾರಂತೆ. ನಾಳೆ ಇಡೀ ದಿನ ನಾನು ಮನೆಯಲ್ಲೇ ಇರುತ್ತೇನೆ.